ಹಾಲು, ಕೆನೆ, ಉಪ್ಪು, ಹೆಪ್ಪು

ಅಂಗಡಿಯ ತಂಪುಪೆಟ್ಟಿಗೆಯ ಗಾಜಿನ ಬಾಗಿಲನ್ನು ಮೊಣಕೈಯಿಂದ ತಡೆದು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಡಬ್ಬಿ ಹಿಡಿದು ಅವಳು ನಿಂತೇ ಇದ್ದಳು. ಎಡಗೈಯಲ್ಲಿದ್ದದ್ದು ಗಿಡ್ಡನೆಯ ಬಿಳಿ ಡಬ್ಬಿ. ಅದರ ಬೆನ್ನ ಮೇಲೆ ಬರೆದದ್ದು ನಾಲ್ಕೇ ಮಾತು: ಹಾಲು, ಕೆನೆ, ಉಪ್ಪು, ಹೆಪ್ಪು. ಬಲಗೈಯಲ್ಲಿದ್ದ ನೀಲಿ ಮುಚ್ಚಳದ ಡಬ್ಬಿಯ ಬೆನ್ನ ಮೇಲೆ ಇರುವೆ ಸಾಲು. ಹಾಲಿನ ಪುಡಿ, ಯಾವುದೋ ಬೀಜದ ಗೋಂದು, ಇನ್ಯಾವುದೋ ಬೀಜದ ಗೋಂದು, ಗಟ್ಟಿ ಮಾಡುವುದೊಂದು, ಕೆಡದಂತೆ ಕಾಯುವುದೊಂದು, ಹುಳಿಯನ್ನು ಹದದಲ್ಲಿಡುವುದೊಂದು, ಎಲ್ಲದರ ಬಾಲಕ್ಕೆ ‘ಸ್ವಾಭಾವಿಕಕ್ಕೆ ಸಮಾನವಾದ ಪರಿಮಳ’. ಸಮಾನವಂತೆ, ಸಮಾನ! ಕ್ರೀಮ್ ಚೀಸ್ ಎಂದರೆ ಎಷ್ಟು ಸರಳವಾದ ವಸ್ತು. ಹಾಲು ಕೆನೆ ಬೆರೆಸಿ ಹೆಪ್ಪು ಹಾಕಿ, ನೀರು ಬಸಿದು, ಚಿಟಿಕೆ ಉಪ್ಪು ಸೇರಿಸಿದರೆ ಮುಗಿಯಿತು. ಅದಕ್ಕೆ ಈ ಪಟಾಲಮ್ಮೆಲ್ಲ ಯಾಕೆ ಬೇಕು? ಈ ಮಾತನ್ನು ಅವಳು ಗಂಡನಿಗೆ ಹೇಳಿದ್ದಳು, ನಾದಿನಿಗೆ ಹೇಳಿದ್ದಳು, ಕೇಳದವರಿಗೂ ಹೇಳಿದ್ದಳು. ಇವತ್ತು ಅವಳು ಬಂದದ್ದು ಆ ನೀಲಿ ಮುಚ್ಚಳದ್ದನ್ನು ಕೊಳ್ಳುವುದಕ್ಕೆ. ಬೇಗ ಕೊಂಡು ಮನೆಗೆ ಓಡಬೇಕಿತ್ತು, ಕೈ ಮಾತ್ರ ಬಿಳಿಯದನ್ನು ಕೆಳಗಿಡಲು ಒಪ್ಪುತ್ತಿರಲಿಲ್ಲ.

“ಅಕ್ಕ, ಬಾಗಿಲು ಹಾಕಿ ಓದ್ಕೊಳ್ಳಿ. ತಂಪೆಲ್ಲ ಹೊರಗೆ ಹೋಗ್ತಿದೆ,” ಎಂದ ಹಾಲಿನ ಟ್ರೇ ಜೋಡಿಸುತ್ತಿದ್ದ ಅಂಗಡಿಯವನು.

“ಅವರು ಚೀಸ್ ತಗೊಳ್ಳೋಕೆ ಬಂದಿಲ್ಲಪ್ಪ, ಪರೀಕ್ಷೆಗೆ ಓದ್ತಿದಾರೆ,” ಎಂದು ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಕ್ಕಳು.

ಆಗಲೇ ಅವಳಿಗೆ ಗೊತ್ತಾದದ್ದು, ಕೊರಳಲ್ಲಿ ಆಫೀಸಿನ ಭೂತಗನ್ನಡಿ ದಾರದ ಸಮೇತ ನೇತಾಡುತ್ತಿದೆ ಎಂದು. ತೆಗೆದಿಡಲು ಮರೆತು, ದಾರಿಯುದ್ದಕ್ಕೂ ಅದನ್ನು ಪದಕದ ಹಾಗೆ ಹಾಕಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಎದುರು ಕೂತವರು ಯಾಕೆ ಹಾಗೆ ನೋಡುತ್ತಿದ್ದರೆಂದು ಈಗ ತಿಳಿಯಿತು. ಔಷಧಿ ಡಬ್ಬಿಯೊಳಗೆ ಎಂಟು ಮಡಿಕೆ ಮಾಡಿ ತುರುಕುವ, ಯಾರೂ ಬಿಚ್ಚಿ ನೋಡದ ತೆಳು ಕಾಗದವನ್ನು ಅಚ್ಚಿಗೆ ಹೋಗುವ ಮೊದಲು ಓದುವುದು ಅವಳ ಕೆಲಸ. ಅದನ್ನು ಒಬ್ಬರೇ ಮಾಡುವಂತಿಲ್ಲ. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ, ಚುಕ್ಕಿ ಗೆರೆ ಸಮೇತ ಓದಬೇಕು. ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಅವಳ ಜೋಡಿ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ. ದಿನವಿಡೀ “ಅಲ್ಪವಿರಾಮ, ಅಲ್ಪವಿರಾಮ” ಎಂದು ಓದಿ ಓದಿ ಅವರಿಗೆ ಆ ಹೆಸರೇ ಅಂಟಿಕೊಂಡಿತ್ತು. ಇವತ್ತು ಮಧ್ಯಾಹ್ನ ಅವರು ಎಂದಿನ ರಾಗದಲ್ಲಿ ಓದುತ್ತ ಹೋದರು: ರೋಗಿಯ ಆಹಾರದಲ್ಲಿ ಏನಾದರೂ ಬದಲಾವಣೆ ಮಾಡಿದ್ದರೆ, ಅಲ್ಪವಿರಾಮ, ವೈದ್ಯರಿಗೆ ತಪ್ಪದೆ ತಿಳಿಸಿ, ಪೂರ್ಣವಿರಾಮ. ಈ ಸಾಲನ್ನು ಅವಳು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಓದಿದ್ದಳೋ ಲೆಕ್ಕವಿಲ್ಲ. ಇವತ್ತು ಅದು ಎದೆಗೆ ಬಡಿಯಿತು. ಬೆರಳು ತಾನಾಗಿಯೇ ಸರಿಯುತ್ತ ಹೋಯಿತು, ಮುಂದೆ ಕರಡಿನಲ್ಲಿ ಒಂದು ಸಾಲಿಗೆ ಸಾಲೇ ಬಿಟ್ಟುಹೋಗಿದ್ದು ಅವಳ ಕಣ್ಣಿಗೆ ಬೀಳಲಿಲ್ಲ.

“ಏನಮ್ಮ, ಎಲ್ಲಿದೀಯ?” ಎಂದು ಅಲ್ಪವಿರಾಮ ಕನ್ನಡಕ ಮೇಲೇರಿಸಿದ್ದರು.

“ಇಲ್ಲೇ ಇದೀನಿ ಸರ್.”

“ಬೆರಳಿದೆ. ನೀನಿಲ್ಲ.” ಅಷ್ಟು ಹೇಳಿ ಅವರೇ ಆ ಸಾಲನ್ನು ಕೆಂಪು ಮಸಿಯಲ್ಲಿ ಸೇರಿಸಿದರು, ಮೇಲಿನವರಿಗೆ ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಅತ್ತೆ ಹುಷಾರಾಗ್ತಿದಾರಾ? ನಿನ್ನ ಚೀಸ್ ತಿಂತಿದಾರಾ?” ಎಂದು ಮೃದುವಾಗಿ ಬೇರೆ ಕೇಳಿದರು. ಈ ಮನುಷ್ಯನ ಮುಂದೆಯೇ ಅವಳು ಕೆಲವು ವಾರಗಳ ಹಿಂದೆ ಜಂಬ ಕೊಚ್ಚಿಕೊಂಡದ್ದು. ಆಗ ಅವರು ಮೇಜು ತಟ್ಟಿ “ಭಲೇ!” ಎಂದು ನಕ್ಕಿದ್ದರು. ಅವಳ ಗುಟ್ಟು ಗೊತ್ತಿದ್ದವರು ಪ್ರಪಂಚದಲ್ಲಿ ಅವರೊಬ್ಬರೇ.

ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಾಗಿನಿಂದ ಮೊದಲ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ. ಔಷಧಿಗಳ ಕಾವಿಗೆ ಬಾಯಿ ಒಣಗಿ ಚಪ್ಪಲಿಯ ಅಟ್ಟೆಯಂತಾಗಿದೆ ಎಂದು ಅವರೇ ಹೇಳುತ್ತಿದ್ದರು. ಸೂಪು ಬೇಡ, ಗಂಜಿ ಬೇಡ, ಹಣ್ಣು ಬೇಡ. ನಾದಿನಿ ಒಂದು ಭಾನುವಾರ ನೋಡಲು ಬಂದವಳು ಚೀಲದಿಂದ ನೀಲಿ ಮುಚ್ಚಳದ ಡಬ್ಬಿ ತೆಗೆದು, ಬ್ರೆಡ್ಡಿನ ಮೇಲೆ ದಪ್ಪಗೆ ಬಳಿದು ಕೊಟ್ಟಳು. ಅತ್ತೆ ಒಂದು ತಿಂದರು, ಇನ್ನೊಂದು ಕೇಳಿದರು. ಗಂಡ ಸಂತೋಷಕ್ಕೆ ಕಣ್ಣೊರೆಸಿಕೊಂಡ. ಅವಳು? ಅವಳು ಡಬ್ಬಿ ತಿರುಗಿಸಿ ಓದುತ್ತಿದ್ದಳು. “ಇದರ ತುಂಬ ಗೋಂದು. ಗೋಂದು ತಿನ್ನೋಕೆ ಅತ್ತೆ ಏನು ಲಕೋಟೆನಾ?” ಎಂದಳು. ನಾದಿನಿಯ ಮುಖ ಇಷ್ಟಾಯಿತು. “ಗೋಂದೋ ಗೀಂದೋ, ಅಮ್ಮ ತಿಂತಿದಾಳಲ್ಲ ಅತ್ತಿಗೆ, ಬಿಡಿ,” ಎಂದಳು. ಅತ್ತೆ ಮಂಚದಿಂದಲೇ “ಬಂದ್ರಪ್ಪ ನಮ್ಮನೆ ಇನ್ಸ್‌ಪೆಕ್ಟ್ರು!” ಎಂದು ಕಣ್ಣು ಹೊಡೆದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಆ ನಗು ಅವಳ ಒಳಗೆ ಎಲ್ಲೋ ಮುಳ್ಳಿನ ಹಾಗೆ ಉಳಿದುಕೊಂಡಿತು. ಕೊಯ್ದ ಹೊಟ್ಟೆಗೆ ಶುದ್ಧವಾದದ್ದು ಹೋಗಲಿ ಎಂದು ಬಯಸುವುದು ತಪ್ಪೇ? ದಿನವಿಡೀ ಇನ್ನೊಬ್ಬರ ಔಷಧಿಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವಳು ತನ್ನ ಮನೆಯ ರೋಗಿಗೆ ಕಣ್ಮುಚ್ಚಿ ಗೋಂದು ತಿನ್ನಿಸಬೇಕೇ? ಬಿಳಿ ಡಬ್ಬಿಯದನ್ನು ಎರಡು ದಿನ ತಂದು ಕೊಟ್ಟು ನೋಡಿದಳು. “ಇದು ಬೇಡ ಕಣಮ್ಮ, ಆ ನೀಲಿದೇ ಕೊಡು,” ಎಂದರು ಅತ್ತೆ.

ಆಗ ಶುರುವಾದದ್ದು ಅದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಖಾಲಿಯಾದ ನೀಲಿ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಬಿಳಿ ಡಬ್ಬಿಯದನ್ನು ಚಮಚದಿಂದ ಕೆರೆದು ಕೆರೆದು ಅದಕ್ಕೆ ತುಂಬುವುದು. ಗೋಂದಿಲ್ಲದ್ದರಿಂದ ಅದು ಸ್ವಲ್ಪ ನೀರು ಬಿಡುತ್ತಿತ್ತು. ಬಟ್ಟೆಯ ತುದಿಯಿಂದ ಒತ್ತಿ ತೆಗೆಯುತ್ತಿದ್ದಳು. ಕೊನೆಗೆ ಚಮಚದ ಬೆನ್ನಿನಿಂದ ಮೇಲ್ಮೈ ಸವರಿ, ಕಾರ್ಖಾನೆಯದರಲ್ಲಿ ಇರುವಂಥದೇ ಒಂದು ಸುಳಿ ಎಬ್ಬಿಸುತ್ತಿದ್ದಳು. ಆ ಸುಳಿ ಎಬ್ಬಿಸುವಾಗ ಅವಳಿಗೆ ಒಂದು ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಬೇಕು. ಮೊದಲ ದಿನ ಅತ್ತೆ ಒಂದು ತುತ್ತು ತಿಂದು, ಒಂದು ಕ್ಷಣ ಸುಮ್ಮನಿದ್ದು, “ಚೆನ್ನಾಗಿದೆ ಕಣಮ್ಮ,” ಎಂದಿದ್ದರು. ಗೆದ್ದೆ ಎಂದುಕೊಂಡಳು. ಮನುಷ್ಯರು ತಿನ್ನುವುದು ಮುಚ್ಚಳವನ್ನು, ಚೀಸನ್ನಲ್ಲ ಎಂದು ಆಫೀಸಿನಲ್ಲಿ ಹೇಳಿ ಅಲ್ಪವಿರಾಮ ಅವರನ್ನು ನಗಿಸಿದಳು. ಆಮೇಲೆ ಎರಡು ತುಂಡು ಹೋಗಿ ಒಂದಾಯಿತು, ಒಂದು ಹೋಗಿ ಅರ್ಧವಾಯಿತು. ಅರ್ಧವನ್ನೂ ಬಹಳ ಹೊತ್ತು ಅಗಿದು, ನೀರು ಕುಡಿದು, ಕುತ್ತಿಗೆ ಮುಂದೆ ಚಾಚಿ ನುಂಗುತ್ತಿದ್ದರು. ಬಾಯಿರುಚಿ ಹೋಗಿದೆ ಎಂದ ಗಂಡ. ಹೌದು, ರುಚಿ ಹೋಗಿದೆ ಎಂದಳು ಅವಳೂ. ಡಾಕ್ಟರಿಗೂ ಹಾಗೆಯೇ ಹೇಳಿದರು. ಕಳೆದ ಸಲ ಬಂದಿದ್ದ ನರ್ಸು, “ಇವತ್ತಿಗೆ ಸುಮ್ನಿರ್ತೀನಿ. ಇನ್ನೊಂದು ಸಲ ತೂಕ ಇಳಿದ್ರೆ ಆಸ್ಪತ್ರೆಗೆ ಸೇರಿಸ್ಲೇಬೇಕು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕ್ತಾರೆ,” ಎಂದು ಹೇಳಿ ಹೋಗಿದ್ದಳು. ಆಸ್ಪತ್ರೆಯಲ್ಲಿ ಪಕ್ಕದ ಮಂಚದಾಕೆಯ ಮೂಗಿನಲ್ಲಿ ಆ ನಳಿಗೆಯನ್ನು ನೋಡಿದ್ದ ಅತ್ತೆ ಆ ದಿನ ಮಗನ ಕೈ ಹಿಡಿದು ಒಂದೇ ಮಾತು ಹೇಳಿದರು: “ಅದೊಂದು ಬೇಡ ಕಣೋ.” ಯಾವುದಕ್ಕೂ ಬೇಡಿಕೊಂಡವರಲ್ಲ ಅವರು. ನರ್ಸು ಇವತ್ತು ಸಂಜೆ ಬರುವವಳಿದ್ದಳು.

ಗಾಜಿನ ಬಾಗಿಲು ಮುಚ್ಚಿ ಅವಳು ಎರಡೂ ಡಬ್ಬಿಗಳೊಂದಿಗೆ ಪಕ್ಕಕ್ಕೆ ಸರಿದಳು. ಲೆಕ್ಕ ನೇರವಾಗಿತ್ತು. ಇವತ್ತು ನೀಲಿ ಡಬ್ಬಿಯ ಅಸಲಿ ಚೀಸನ್ನೇ ಕೊಟ್ಟು ನೋಡುವುದು. ಅತ್ತೆ ತಿಂದರೆ ನಳಿಗೆ ತಪ್ಪುತ್ತದೆ. ಆದರೆ ತಿಂದರೆ, ಇಷ್ಟು ದಿನ ಅವರು ತಿನ್ನದೆ ಇದ್ದದ್ದು ರೋಗದಿಂದಲ್ಲ ಎಂದಾಗುತ್ತದೆ. ಕೈಯಾರೆ ಉಪವಾಸ ಕೆಡವಿದ್ದು ತಾನು ಎಂದಾಗುತ್ತದೆ. ತಿನ್ನದಿದ್ದರೆ? ತಿನ್ನದಿದ್ದರೆ ಯಾವ ಡಬ್ಬಿಯಾದರೂ ಅಷ್ಟೇ ಇತ್ತು, ಬಾಯಿರುಚಿಯೇ ಹೋಗಿತ್ತು, ಯಾರ ತಪ್ಪೂ ಇಲ್ಲ. ತಿನ್ನದಿದ್ದರೆ ಸಾಕಪ್ಪ ಎಂದು ಒಳಗಿನಿಂದ ಒಂದು ದನಿ ಸ್ಪಷ್ಟವಾಗಿ ಹೇಳಿತು. ಅವಳು ಬೆಚ್ಚಿಬಿದ್ದು ಅಕ್ಕಪಕ್ಕ ನೋಡಿದಳು, ಯಾರಾದರೂ ಕೇಳಿಸಿಕೊಂಡರೋ ಎಂಬಂತೆ. ಅಂಗಡಿಯವನು ಟ್ರೇ ಜೋಡಿಸುತ್ತಲೇ ಇದ್ದ. ಛೆ, ಎಂಥ ಮನಸ್ಸು ತನ್ನದು! ಒಂದು ಮುದುಕಿಯ ಮೂಗಿಗೆ ನಳಿಗೆ ಬಿದ್ದರೂ ಪರವಾಗಿಲ್ಲ, ತನ್ನ ಹೆಸರು ಚೊಕ್ಕಟವಾಗಿ ಉಳಿಯಲಿ ಎನ್ನುತ್ತದೆ. ಡಬ್ಬಿಗಳ ಬೆನ್ನ ಮೇಲೆ ಏನೇನು ಬೆರೆತಿದೆಯೆಂದು ಬರೆಯುತ್ತಾರೆ, ಸದ್ಯ, ಮನುಷ್ಯರಿಗೆ ಆ ಕಾಟವಿಲ್ಲ. ಈ ಮಾತಿಗೆ ಅವಳಿಗೇ ನಗು ಬಂತು, ನಗು ಬಂದದ್ದಕ್ಕೆ ಇನ್ನಷ್ಟು ಅಸಹ್ಯವಾಯಿತು. ಬಿಳಿಯದನ್ನು ಎಲ್ಲೋ ಬಿಸ್ಕತ್ತಿನ ಸಾಲಿನಲ್ಲಿಟ್ಟು, ನೀಲಿ ಮುಚ್ಚಳದ್ದನ್ನು ತಂದು ಕೌಂಟರಿನ ಮೇಲಿಟ್ಟಳು. “ಅಂತೂ ಪಾಸಾಯ್ತಾ ಅಕ್ಕ?” ಎಂದ ಅಂಗಡಿಯವನು.

ಅಂಗಡಿಯಿಂದ ಮನೆಗೆ ಏರು ದಾರಿ. ಕಾರುಗಳು ಒಂದರ ಬಾಲಕ್ಕೊಂದು ನಿಂತು ನಿಂತು ಏರುತ್ತಿದ್ದವು. ಇದೇ ಏರಿನಲ್ಲಿ ಅತ್ತೆ ಅವಳಿಗೆ ಕಾರು ಕಲಿಸಿದ್ದು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಹೆಂಗಸು ಅವರು. ಎರಡೂ ಕಡೆ ಬ್ರೇಕಿರುವ ಹಳೆಯ ಗಾಡಿ, ಮೇಲೆ ಹಳದಿ ಹಲಗೆ. ಮದುವೆಯಾದ ಹೊಸತು, ಅತ್ತೆ ಎಂದರೆ ಹುಲಿ ಎಂದು ಕೇಳಿ ಬಂದಿದ್ದಳು. ಏರಿನ ನಡುವೆ ಗಾಡಿ ನಿಂತು ಹಿಂದಕ್ಕೆ ಜಾರತೊಡಗಿದಾಗ ಅವಳ ಕೈಕಾಲು ತಣ್ಣಗಾಗಿತ್ತು. ಹಿಂದಿನವರ ಹಾರ್ನು, ಬೈಗುಳ. ಪಕ್ಕದಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ, ಏನೂ ಆಗಿಲ್ಲವೆಂಬಂತೆ, “ಗಾಬರಿ ಬೇಡ, ಬ್ರೇಕ್ ಒತ್ತು. ಹಾಂ, ನೋಡು, ನಿಲ್ಲಿಸ್ದೆ. ಚೆನ್ನಾಗಿ ನಿಲ್ಲಿಸ್ದೆ,” ಎಂದಿದ್ದರು. ಅಷ್ಟು ಭಯದಲ್ಲೂ ಗಾಡಿ ನಿಲ್ಲಿಸಿದೆನಲ್ಲ ಎಂದು ಅವಳು ಎಷ್ಟೋ ದಿನ ಒಳಗೊಳಗೇ ಹಿಗ್ಗಿದ್ದಳು. ತನ್ನ ಕಾಲು ಆವತ್ತು ಬ್ರೇಕಿನ ಮೇಲೆ ಇರಲೇ ಇಲ್ಲ, ನಿಲ್ಲಿಸಿದ್ದು ಪಕ್ಕದ ಸೀಟಿನ ಬ್ರೇಕು ಎಂದು ಅವಳಿಗೆ ಹೊಳೆದದ್ದು ಲೈಸೆನ್ಸು ಸಿಕ್ಕ ಮೇಲೆ. ಕೇಳಿದರೆ ಅತ್ತೆ, “ಹೋಗೇ, ನನ್ನ ಕಾಲು ಜೋಮು ಹಿಡಿದಿತ್ತು,” ಎಂದು ಹಾರಿಸಿಬಿಟ್ಟಿದ್ದರು. ಅಂಥವರಿಗೆ ತಾನು ಮಾಡಿದ್ದು ಇದು. ಏರು ಮುಗಿಯುವ ಹೊತ್ತಿಗೆ ಅವಳು ಏದುಸಿರು ಬಿಡುತ್ತಿದ್ದಳು.

ಮನೆಯ ಬಾಗಿಲು ತೆರೆದೇ ಇತ್ತು. ನರ್ಸು ಆಗಲೇ ಬಂದು ತೂಕವೂ ಮುಗಿದಿತ್ತು. ಅದು ಎಷ್ಟೆಂದು ಅವಳು ಕೇಳಲಿಲ್ಲ. ಗಂಡನ ಮುಖವೇ ಹೇಳುತ್ತಿತ್ತು. ಅತ್ತೆ ದಿಂಬಿಗೊರಗಿ ಕೂತಿದ್ದರು. ತೋಳಿನ ಚರ್ಮ ಸಡಿಲವಾದ ಅಂಗಿತೋಳಿನ ಹಾಗೆ ಇಳಿಬಿದ್ದಿತ್ತು. “ನಾನು ಕೈ ಕಟ್ಕೊಂಡು ಕೂರೋಕಾಗಲ್ಲ ಸಾರ್,” ಎನ್ನುತ್ತಿದ್ದಳು ನರ್ಸು ಗಂಡನಿಗೆ. “ಬಾಯಿಂದ ಏನಾದ್ರೂ ಹೋಗ್ತಿದ್ರೆ ಎರಡು ದಿನ ಕಾಯ್ಬೋದಿತ್ತು. ಏನೂ ಹೋಗ್ತಿಲ್ಲವಲ್ಲ. ಅಜ್ಜಿ, ನಾಳೆ ಬೆಳಿಗ್ಗೆ ಹೋಗೋಣ, ಹೆದರ್ಬೇಡಿ.”

“ಅಜ್ಜಿ ಅನ್ಬೇಡ ಅಂದಿದೀನಿ. ನಿಮ್ಮಪ್ಪಂಗೂ ಗಾಡಿ ಕಲ್ಸಿದೀನಿ ನಾನು,” ಎಂದರು ಅತ್ತೆ. ದನಿಯಲ್ಲಿ ಮೊದಲಿನ ಖಾರವಿರಲಿಲ್ಲ, ಕಣ್ಣು ಮಗನ ಮೇಲೇ ನೆಟ್ಟಿತ್ತು.

“ಒಂದು ನಿಮಿಷ,” ಎಂದಳು ಅವಳು. “ಬ್ರೆಡ್ಡು ತರ್ತೀನಿ. ತಿಂತಾರೇನೋ ನೋಡೋಣ.”

“ಬೆಳಿಗ್ಗೆ ನೀನು ತಂದೆ, ಮಧ್ಯಾಹ್ನ ನಾನೂ ಕೊಟ್ಟೆ. ನಾಲಿಗೆಗೆ ಹಿಡಿಸಲ್ಲ ಅಂದ್ರೆ ಪಾಪ ಅಮ್ಮ ಆದ್ರೂ ಏನು ಮಾಡ್ತಾಳೆ,” ಎಂದ ಗಂಡ. ನರ್ಸು ಫೋನು ಕೈಯಲ್ಲೇ ಹಿಡಿದು, ಆಗಲಿ ಎಂಬಂತೆ ಕುರ್ಚಿಯ ಅಂಚಿಗೆ ಕೂತಳು.

ಅಡುಗೆಮನೆಯಲ್ಲಿ ಮುಚ್ಚಳ ತೆಗೆದು ಹಾಳೆ ಸೀಳಿದಾಗ ಆ ನಯವಾದ, ಒಂದು ಹನಿ ನೀರೂ ಬಿಡದ, ಹೊಳೆಯುವ ಬಿಳುಪು ಕಂಡಿತು. ನಡುವೆ ಸುಳಿ. ಚಾಕು ಇಟ್ಟರೆ ತಾನೇ ಹರಡಿಕೊಂಡಿತು. ಬಿಳಿ ಡಬ್ಬಿಯದು ಹೀಗೆ ಬರುತ್ತಿರಲಿಲ್ಲ, ಪುಡಿಪುಡಿಯಾಗಿ ಬ್ರೆಡ್ಡನ್ನೇ ಹರಿಯುತ್ತಿತ್ತು. ಒಣಗಿದ ಬಾಯಲ್ಲಿ ಆ ಪುಡಿ ಏನಾಗುತ್ತದೆಂದು ಅವಳು ಒಂದು ಸಲವೂ ಯೋಚಿಸಿರಲಿಲ್ಲ. ತಟ್ಟೆ ತಂದು ಅತ್ತೆಯ ಕೈಗೆ ಕೊಟ್ಟು, ಮಂಚದ ಕಾಲ ಬಳಿ ನಿಂತಳು. ಅತ್ತೆ ಕರ್ತವ್ಯವೆಂಬಂತೆ ಒಂದು ತುದಿ ಕಚ್ಚಿದರು. ದವಡೆ ಎರಡು ಸಲ ಆಡಿ ನಿಂತಿತು. ಹುಬ್ಬು ಮೇಲೇರಿತು. ನೀರಿಗೆ ಕೈ ಚಾಚಲಿಲ್ಲ, ಕುತ್ತಿಗೆ ಚಾಚಲಿಲ್ಲ. ತುತ್ತು ಜಾರಿ ಹೋಯಿತು, ನಾಲಿಗೆ ಹೊರಬಂದು ಮೇಲ್ತುಟಿಯನ್ನು ಸವರಿತು, ಕಣ್ಣುಗಳು ಅರೆಮುಚ್ಚಿದವು. ಅತ್ತೆ ಕಣ್ಣು ತೆರೆದು ಅವಳನ್ನು ನೋಡಿದರು. ತನ್ನ ಮುಖದ ಮೇಲೆ ಆಗ ಏನಿತ್ತೋ ಅವಳಿಗೆ ಎಂದೂ ತಿಳಿಯುವಂತಿಲ್ಲ. ಅತ್ತೆ ಅದನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಆಮೇಲೆ ತಟ್ಟೆಯನ್ನು ಹಾಸಿಗೆಯ ಮೇಲಿಟ್ಟು ಮಗನ ಕಡೆ ತಿರುಗಿದರು.

“ಇದೂ ಅಷ್ಟೇ ಕಣೋ. ಎಲ್ಲಾ ಒಂದೇ ರುಚಿ. ನನ್ನ ಬಾಯೇ ಸತ್ತಿದೆ, ಚೀಸ್ ಏನು ಮಾಡತ್ತೆ? ಫೋನ್ ಮಾಡ್ಲಿ ಬಿಡು.”

ಗಂಡ ಹಣೆಗೆ ಕೈಯಿಟ್ಟುಕೊಂಡ. ನರ್ಸು ಫೋನಿನಲ್ಲಿ ಆಸ್ಪತ್ರೆಯ ನಂಬರು ಹುಡುಕತೊಡಗಿದಳು. ಅತ್ತೆಯ ಕೈ ಹೊದಿಕೆಯ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಅಂಗಡಿಯಲ್ಲಿ ಅವಳು ಬಯಸಿದ್ದೇ ಆಯಿತಲ್ಲ. ಕೇಳದೆಯೇ ಕೈಗಿಟ್ಟರಲ್ಲ. ಸುಮ್ಮನೆ ನಿಂತಿದ್ದರೆ ಸಾಕು, ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಉಳಿದದ್ದನ್ನು ಫೋನು, ಆಂಬುಲೆನ್ಸು, ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ. ಗಂಡ ಅವಳನ್ನು ಪಾಪ ಎನ್ನುತ್ತಾನೆ, ಅಲ್ಪವಿರಾಮ ಪಾಪ ಎನ್ನುತ್ತಾರೆ, ಅತ್ತೆ ಮೂಗಿನಲ್ಲಿ ನಳಿಗೆ ಹಾಕಿಕೊಂಡು ಅವಳ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿರುತ್ತಾರೆ. ಇಡೀ ಜೀವ ಸುಮ್ಮನಿರು ಸುಮ್ಮನಿರು ಎನ್ನುತ್ತಿತ್ತು. ಆ ಕಡೆ ಫೋನು ರಿಂಗಾಗುವ ಸದ್ದು ಸಣ್ಣಗೆ ಕೇಳಿಸಿತು.

“ಅತ್ತೆ ಸುಳ್ಳು ಹೇಳ್ತಿದಾರೆ,” ಎಂದಳು.

“ಏನಂದೆ?” ಎಂದ ಗಂಡ.

“ಫೋನ್ ಕಟ್ ಮಾಡಿ ಸಿಸ್ಟರ್. ಇಷ್ಟು ದಿನ ಅವರು ತಿಂದಿದ್ದು ಇದಲ್ಲ. ಡಬ್ಬಿ ಇದೇ, ಒಳಗಿದ್ದಿದ್ದು ಬೇರೆ. ಬೆಳಿಗ್ಗೆ ಎದ್ದು ನಾನೇ ಬದಲಾಯಿಸ್ತಿದ್ದೆ. ಅವರಿಗೆ ಅದು ಬೇಡ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕ್ತಿದ್ದೆ.” ದನಿ ನಡುಗಲಿಲ್ಲ, ಬೇರೆಯವರ ಕರಡನ್ನು ಓದಿದ ಹಾಗೆ ಓದಿ ಮುಗಿಸಿದಳು. “ಇವತ್ತೇ ಇದನ್ನ ಕೊಟ್ಟಿದ್ದು. ಅವರಿಗೆ ರುಚಿ ಗೊತ್ತಾಯ್ತು, ನಾನು ನೋಡ್ದೆ.”

ಗಂಡ ತಟ್ಟೆಯನ್ನು ನೋಡಿದ, ಅವಳನ್ನು ನೋಡಿದ. “ಅಮ್ಮಂಗೆ ಬಾಯಿರುಚಿ ಹೋಗಿದೆ ಅಂತ ನಾನು ಡಾಕ್ಟ್ರಿಗೆಲ್ಲ ಹೇಳ್ಕೊಂಡು ಬಂದ್ನಲ್ಲೇ. ನೀನು ಪಕ್ಕದಲ್ಲೇ ಕೂತು ಹೂಂ ಅಂದ್ಯಲ್ಲೇ,” ಎಂದ. ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ಹಾಕಿ ನಿಂತ.

“ಅವಳನ್ನ ಬೈಬೇಡ,” ಎಂದರು ಅತ್ತೆ.

“ಬೈಲಿ ಅತ್ತೆ. ನಿಮಗೆ ಗೊತ್ತಿತ್ತಾ?”

“ಮೊದಲ ದಿನಾನೇ. ಬೆಳಬೆಳಿಗ್ಗೆ ಕೆರಕ್ ಕೆರಕ್ ಅಂತ ಚಮಚದ ಸದ್ದು ಕೇಳಲ್ವಾ? ನನ್ನ ಹೊಟ್ಟೆ ಕೊಯ್ದಿದಾರೆ, ಕಿವಿ ಅಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅತ್ತೆ ಬಿಗಿಹಿಡಿದಿದ್ದ ಹೊದಿಕೆಯ ಅಂಚನ್ನು ಬಿಟ್ಟು, ಅಂಗೈಯಿಂದ ಅದರ ಸುಕ್ಕು ಸವರಿದರು. “ಅಷ್ಟು ಶ್ರದ್ಧೆಯಿಂದ ಮಾಡ್ತಿದ್ದೆ. ಒಳ್ಳೇದನ್ನೇ ಕೊಡ್ತಿದೀಯ ಅಂತ ಗೊತ್ತು. ನುಂಗೋಕೆ ಆಗ್ತಿರ್ಲಿಲ್ಲ, ಅಷ್ಟೇ.”

ಅಷ್ಟೇ. ಅವಳು ಮಂಚದ ಕಾಲ ಬಳಿ ನೆಲದ ಮೇಲೆ ಕೂತಳು. ನರ್ಸು ಕೆಮ್ಮಿ, “ಈಗ ಫೋನ್ ಮಾಡ್ಲಾ, ಇಡ್ಲಾ?” ಎಂದು ಕೇಳಿದಳು. “ಇಡಮ್ಮ, ತಿಂತಿದೀನಿ ಕಾಣಲ್ವಾ?” ಎಂದು ಅತ್ತೆ ತಟ್ಟೆಯನ್ನು ಮತ್ತೆ ಮಡಿಲಿಗೆಳೆದುಕೊಂಡರು. ಆತುರವಿಲ್ಲದೆ, ಯಾರ ಮುಖವನ್ನೂ ನೋಡದೆ, ಅರ್ಧ ತಿಂದರು. ಉಳಿದದ್ದರಲ್ಲಿ ಇನ್ನರ್ಧ ತಿಂದರು. ಎರಡು ದಿನ ಕಾದು ನೋಡೋಣ, ಆಮೇಲೆ ಮತ್ತೆ ತೂಗ್ತೀನಿ, ಈಗಲೇ ಏನೂ ಹೇಳೋಕಾಗಲ್ಲ ಎಂದಳು ನರ್ಸು. ಗಂಡ ತಿರುಗಲಿಲ್ಲ. ಆ ಬೆನ್ನು ಇನ್ನೆಷ್ಟು ದಿನ ಹೀಗೇ ಇರುತ್ತದೋ ಎಂದು ಅವಳಿಗೆ ಅನ್ನಿಸಿತು. ಅತ್ತೆ ಕೊನೆಯ ಚೂರನ್ನು ಎರಡು ಬೆರಳಿನಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

“ತಗೋ, ನೀನೂ ತಿನ್ನು.”

“ನನಗೆ ಬೇಡ ಅತ್ತೆ. ನೀವು ತಿನ್ನಿ.”

“ತಿನ್ನೇ.”

ಅವಳು ಬಾಯಿ ತೆರೆದಳು. ಆ ನೀಲಿ ಮುಚ್ಚಳದ ಚೀಸನ್ನು ಅವಳು ಇಷ್ಟು ವರ್ಷಗಳಲ್ಲಿ ಒಂದು ಸಲವೂ ತಿಂದಿರಲಿಲ್ಲ, ಓದಿದ್ದಳು, ಅಷ್ಟೆ. ನಾಲಿಗೆಯ ಮೇಲೆ ಅದು ತಣ್ಣಗೆ ಕೂತು, ಮೆಲ್ಲನೆ ಕರಗಿ, ತುಸು ಸಿಹಿ ತುಸು ಉಪ್ಪಾಗಿ ಗಂಟಲಿಗೆ ಜಾರಿತು.

“ಹೇಗಿದೆ?” ಎಂದರು ಅತ್ತೆ.

ಕಿಟಕಿಯ ಬಳಿ ಗಂಡ ಈಗ ತಿರುಗಿ ನೋಡುತ್ತಿದ್ದ. ನರ್ಸೂ ನೋಡುತ್ತಿದ್ದಳು. ಮಾಡಿದ್ದನ್ನೆಲ್ಲ ಹೇಳಿದಾಗ ನಡುಗದ ದನಿ ಈ ಒಂದು ಮಾತಿಗೆ ನಡುಗಿತು.

“ಚೆನ್ನಾಗಿದೆ ಅತ್ತೆ,” ಎಂದಳು. ನಿಜವಾಗಿಯೂ ಚೆನ್ನಾಗಿತ್ತು.